ಜನಕಪುರಕ್ಕೆ ಎರಡು ಸೀಟು

ರೈಲಿನಲ್ಲಿ ಕುಳಿತು ಪರದೇಶಕ್ಕೆ ಹೋಗಬಹುದೆಂಬ ಸಂಗತಿ ನನಗೆ ತಿಳಿದದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅದೂ ನನ್ನ ಅಕ್ಕನಿಂದ. ಐನಾಪುರದ ನಮ್ಮ ಮನೆಯಲ್ಲಿ ಮೊಮ್ಮಗಳ ಮೊಬೈಲಿನಲ್ಲಿ ಅವಳು ಅದನ್ನು ನೋಡಿದ್ದಳು. ಬಿಹಾರದ ಜಯನಗರದವರೆಗೆ ನಮ್ಮ ದೇಶದ ರೈಲು. ಅಲ್ಲಿಂದ ನೇಪಾಳದ ರೈಲು ಗಡಿ ದಾಟಿ, ಸೀತಾಮಾತೆಯ ತವರಾದ ಜನಕಪುರಕ್ಕೆ ಮುಟ್ಟಿಸುತ್ತದೆ. ಮಾರ್ಗಶಿರ ಶುದ್ಧ ಪಂಚಮಿಯಂದು ಅಲ್ಲಿ ಸೀತಾರಾಮರ ವಿವಾಹೋತ್ಸವ.

"ಆ ದಿವಸಕ್ಕ ಹೋಗೂಣು ತಮ್ಮಾ," ಎಂದಳು ಅಕ್ಕ. "ಸೀತವ್ವನ ಉಡಿಗೆ ನನ್ನ ಕೈಯಾರೆ ಒಂದು ಖಣ ಹಾಕಿ ಬರ್ತೀನಿ. ಅಲ್ಲಿ ನನ್ನ ಯಾರು ಬಲ್ಲರು?"

ಕೊನೆಯ ಮಾತನ್ನು ಅವಳು ನಗುತ್ತಲೇ ಆಡಿದಳು. ಅಕ್ಕ ಇಪ್ಪತ್ತರೊಳಗೆ ಪತಿಯನ್ನು ಕಳೆದುಕೊಂಡು ನಮ್ಮ ಮನೆಗೆ ಮರಳಿದವಳು. ಅಂದಿನಿಂದ ಮನೆಯ ಪ್ರತಿಯೊಂದು ಮದುವೆಗೂ ಬೇಸನ್ ಉಂಡಿ ಕಟ್ಟಿದವಳು ಅವಳೇ. ಮುಹೂರ್ತದ ಹೊತ್ತಿಗೆ ಅಡುಗೆಮನೆಯ ಬಾಗಿಲ ಹಿಂದೆ ಸರಿಯುತ್ತಿದ್ದವಳೂ ಅವಳೇ. ನನ್ನ ಮಗಳ ಉಡಿ ತುಂಬುವಾಗ, ಅಕ್ಕ ಅಥಣಿಯ ಪೇಟೆಯಲ್ಲಿ ಅರ್ಧ ದಿನ ಅಲೆದು ಆರಿಸಿ ತಂದ ಕುಪ್ಪಸದ ಖಣವನ್ನು ಬೇರೊಬ್ಬ ಮುತ್ತೈದೆಯ ಕೈಯಿಂದ ಕೊಡಿಸಿದೆವು. ನಾನು ನಲವತ್ತು ವರ್ಷ ದೇವಸ್ಥಾನದಲ್ಲಿ ಸೀತಾಕಲ್ಯಾಣವನ್ನು ಓದಿ ಅರ್ಥ ಹೇಳಿದವನು. ಈ ವಿಷಯದಲ್ಲಿ ಮಾತ್ರ ಒಂದು ದಿನವೂ ಬಾಯಿ ತೆರೆಯಲಿಲ್ಲ.

ಯಾತ್ರೆಯ ಸಿದ್ಧತೆಯನ್ನು ನಾನು ವ್ರತದಂತೆ ಕೈಗೊಂಡೆ. ಪಂಚಾಂಗವನ್ನು ಒಂದು ಮಗ್ಗುಲಲ್ಲಿಟ್ಟುಕೊಂಡು ಜನಸಂದಣಿಯ ದಿನಗಳನ್ನೆಲ್ಲ ಒಂದು ವಹಿಯಲ್ಲಿ ಬರೆದೆ: ದಸರೆ, ದೀಪಾವಳಿ, ಬಿಹಾರದವರ ಛಟ್ ಪೂಜೆ, ಆಮೇಲೆ ಈ ಪಂಚಮಿ. ಪಾಸ್‌ಪೋರ್ಟ್ ಬೇಡ, ಮತದಾರರ ಚೀಟಿ ಸಾಕೆಂದು ತಿಳಿಯಿತು. ಅಕ್ಕ ತನ್ನ ಚೀಟಿಯನ್ನು ಟ್ರಂಕಿನಿಂದ ತೆಗೆದು ಸೆರಗಿನಿಂದ ಒರೆಸಿದಳು. ಹನ್ನೊಂದು ತಿಂಗಳು ಮಾತ್ರ ಜೊತೆಗೆ ಬಾಳಿದ ಪತಿಯ ಹೆಸರು ಅದರಲ್ಲಿ ಅಚ್ಚಾಗಿತ್ತು. ಅದನ್ನು ಬಹಳ ಹೊತ್ತು ನೋಡಿ, ಹೊಸ ಹಸಿರು ಖಣದ ಮಡಿಕೆಯೊಳಗೆ ಇಟ್ಟುಕೊಂಡಳು.

ಉತ್ಸವ ಮುಗಿದ ಮೇಲೆ, ಪುಷ್ಯ ಮಾಸದಲ್ಲಿ ಹೋಗುವುದು ಲೇಸೆಂದು ನಾನು ನಿಶ್ಚಯಿಸಿದ್ದೆ. ವಹಿಯಲ್ಲಿ ಬರೆದ ಕಾರಣ, ಗದ್ದಲ. ಬರೆಯದೆ ಬಿಟ್ಟ ಕಾರಣ ಬೇರೆಯಿತ್ತು. ಜಗನ್ಮಾತೆಯ ಮದುವೆಯ ಹಂದರದಲ್ಲಿ ಅಕ್ಕನನ್ನು ನಿಲ್ಲಿಸಿದರೆ ಅಪಚಾರವಾದೀತೇನೋ ಎಂಬ ಅಳುಕು ನನ್ನನ್ನು ಬಿಟ್ಟಿರಲಿಲ್ಲ. ಅದನ್ನು ಅವಳ ಮುಂದೆ ಆಡುವ ಧೈರ್ಯವೂ ಇರಲಿಲ್ಲ. ಸೀಟು ಸಿಗದೆಂಬ ಮಾತನ್ನು ಅವಳು ಬೇರೊಬ್ಬರ ಬಾಯಿಂದಲೇ ಕೇಳಲೆಂದು, ನವರಾತ್ರಿಯ ಮೂರನೆಯ ದಿನ ಅವಳನ್ನು ಕರೆದುಕೊಂಡು ಉಗಾರಕ್ಕೆ ಹೋದೆ.

ಟಿಕೆಟ್ ತೆಗೆದುಕೊಡುವ ಅಂಗಡಿಯವನು ಕಂಪ್ಯೂಟರಿನತ್ತ ಬಾಗಿ ಹೇಳಿದ, "ಛಟ್‌ಗೆ ಅಂದಿದ್ರ ಕೈ ಮುಗೀತಿದ್ದೆ ಗುರುಗಳ. ಇಡೀ ಮುಂಬಯಿನೇ ಬಿಹಾರಕ್ಕ ಹೊಂಟಿರ್ತೈತಿ, ನಿಲ್ಲಾಕ ಜಾಗಾ ಇರೂದಿಲ್ಲ. ಆದ್ರ ನಿಮ್ಮ ಪಂಚಮಿಗೆ ಆ ಗರ್ದಿ ಇಳಿದಿರ್ತೈತಿ. ಇಲ್ನೋಡ್ರಿ, ಸೀಟ್ ಅದಾವ. ಆಜಿಗೆ ಕೆಳಗಿನ ಬರ್ತ್ ಹಾಕ್ಲಿ?"

"ಹಾಕ್ರಿ," ಎಂದಳು ಅಕ್ಕ.

"ಈಗ ಬ್ಯಾಡ," ಎಂದೆ ನಾನು. "ಪುಷ್ಯದಾಗ ನೋಡೂಣು."

"ಜನೇವರಿದಾಗೇನ್ರಿ? ಆ ಕಡೆ ಮಂಜು ಬೀಳ್ತೈತಿ, ಗಾಡಿ ಹತ್ತತ್ತು ತಾಸು ಲೇಟ್. ಇದ್ದ ಸೀಟ್ ಬಿಟ್ಟು ಇಲ್ಲದ್ದು ಕೇಳ್ತೀರಲ್ಲ!" ಎಂದು ಅವನು ನಕ್ಕ. ಅಕ್ಕ ನಗಲಿಲ್ಲ. ಕೈಚೀಲದ ಬಾಯಿ ಬಿಗಿದು ಎದ್ದಳು.

ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗಿನ ಕಬ್ಬನ್ನೇ ನೋಡುತ್ತಿದ್ದಳು. ಊರು ಹತ್ತಿರವಾದಾಗ ಮೆಲ್ಲಗೆ ಕೇಳಿದಳು, "ತಮ್ಮಾ, ನೀ ಗರ್ದಿಗೆ ಅಂಜಿದ್ಯೋ, ನನಗ ಅಂಜಿದ್ಯೋ?"

ಕಂಡಕ್ಟರನು ಊರು ಬಂತೆಂದು ಕೂಗಿದಾಗ, ಇಳಿಯುವ ಅವಸರ ಇಲ್ಲದಿದ್ದರೂ ಅವಳಿಗಿಂತ ಮೊದಲೇ ಎದ್ದು ನಿಂತೆ.

ಆಮೇಲೆ ಅಕ್ಕ ಆ ಯಾತ್ರೆಯ ಮಾತೆತ್ತಲಿಲ್ಲ. ಮಾತು ಬಿಟ್ಟವಳೂ ಅಲ್ಲ. ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುತ್ತಿದ್ದಳು, ಔಷಧದ ನೆನಪು ಮಾಡುತ್ತಿದ್ದಳು. ನನ್ನ ಜಪದಲ್ಲಿ ಮಾತ್ರ ಎಣಿಕೆ ತಪ್ಪತೊಡಗಿತು. ಸೀತಾಕಲ್ಯಾಣ ಓದುತ್ತ ಕನ್ಯಾದಾನದ ಪ್ರಸಂಗಕ್ಕೆ ಬಂದಾಗಲೆಲ್ಲ ಬಸ್ಸಿನ ಆ ಪ್ರಶ್ನೆ ಎದುರಿಗೆ ನಿಲ್ಲುತ್ತಿತ್ತು. ದೀಪಾವಳಿಯ ಪಾಡ್ಯ ಕಳೆದ ಮರುದಿನ, ಯಾರಿಗೂ ಹೇಳದೆ, ಉಗಾರದ ಬಸ್ಸು ಹತ್ತಿದೆ. ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು.

"ಆವತ್ತ ಕೈಯಾಗ ಇಟ್ಟಿದ್ದೆನಲ್ರಿ ಗುರುಗಳ," ಎಂದ ಅಂಗಡಿಯವನು. "ಈಗ ಲಗ್ನಸರಾಯಿ, ಮದುವಿ ಸುಗ್ಗಿ. ವೇಟಿಂಗ್ ನೂರು ದಾಟೈತಿ. ಹಚ್ಚಿ ನೋಡೂಣು, ನಸೀಬಿದ್ರ ಆಗ್ತೈತಿ."

ಹಚ್ಚಿಸಿದೆ. ಮೊಮ್ಮಗಳಿಂದ ದಿನಕ್ಕೆರಡು ಸಲ ಮೊಬೈಲಿನಲ್ಲಿ ನೋಡಿಸಿದೆ. ನಮ್ಮ ಸಂಖ್ಯೆ ಎಂಬತ್ತಕ್ಕೆ ಇಳಿಯಿತು, ಅರವತ್ತಕ್ಕೆ ಇಳಿಯಿತು. ಹೊರಡುವ ಮುನ್ನಾದಿನವೂ ನಲವತ್ತರ ಕೆಳಗೆ ಬರಲಿಲ್ಲ. ಅಕ್ಕನಿಗೆ ಎಲ್ಲವನ್ನೂ ಹೇಳಿ ತಲೆ ತಗ್ಗಿಸಿದೆ. "ಇರ್ಲಿ ಬಿಡು, ಅಷ್ಟು ದೂರ ಕುಂತು ಹೋಗೂದು ನನಗೂ ಆಗ್ತಿದ್ದಿಲ್ಲ," ಎಂದು ಅವಳೇ ನನ್ನನ್ನು ಸಮಾಧಾನಪಡಿಸಿದಳು.

ಪಂಚಮಿಯಂದು ಮಗ ಮತ್ತು ಸೊಸೆ ಮಕ್ಕಳೊಡನೆ ರಾಯಬಾಗಕ್ಕೆ ಹೋಗಿದ್ದರು. ನಾನು ಪಡಸಾಲೆಯಲ್ಲಿ ಸೀತಾರಾಮರ ಪಟವನ್ನಿಟ್ಟು, ದೀಪ ಹಚ್ಚಿ, ಪಟದ ಎದುರಿಗೇ ಅಕ್ಕನಿಗೊಂದು ಮಣೆ ಹಾಕಿದೆ. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಆ ಹಸಿರು ಖಣ. ಗ್ರಂಥ ಬಿಚ್ಚಿ ಅವಳನ್ನು ಕರೆದೆ. ಅವಳು ಬಂದಳು; ಅಡುಗೆಮನೆಯ ಹೊಸ್ತಿಲ ಒಳಗೇ, ಬಾಗಿಲ ಹಿಂದಿನ ಎಂದಿನ ಜಾಗದಲ್ಲಿ ಕುಳಿತಳು.

"ಮುಂದ ಬಾ ಅಕ್ಕಾ. ಮಣಿ ಮ್ಯಾಲೆ ಕುಂದ್ರು. ಉಡಿ ನೀನ ತುಂಬು."

ಅವಳು ಖಣದ ಕಡೆಗೊಮ್ಮೆ ನೋಡಿದಳು. "ಸೊಸಿ ಬರ್ಲಿ, ಆಕಿ ಕೈಲೆ ಹಾಕಿಸು. ಅಲ್ಲಿ ಆಗಿದ್ರ ನಾನ ಹಾಕ್ತಿದ್ದೆ ತಮ್ಮಾ. ಇಲ್ಲಿ ನನ್ನ ಎಲ್ಲಾರೂ ಬಲ್ಲರು."

ಆ ಹೊತ್ತು ಮನೆಯಲ್ಲಿದ್ದವನು ನಾನೊಬ್ಬನೇ.