ಬಿಸಿಲಿನ ಮೇಲೆ ಬಾಜಿ ಕಟ್ಟಿದ ಅಪ್ಪ

ಗೆಳೆಯರೇ, ದಿನದ ಗರಿಷ್ಠ ತಾಪಮಾನ ಎಷ್ಟಾಗಬಹುದು ಎಂದು ಊಹಿಸಿ ಹಣ ಕಟ್ಟುವ ಆ್ಯಪ್ ಒಂದಿದೆ. ನ್ಯೂಯಾರ್ಕಿನಲ್ಲಿ ಇವತ್ತು ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ ಎಂದು ನಮ್ಮವರು ಬೆಳಿಗ್ಗೆಯೇ ಬಾಜಿ ಕಟ್ಟಿದ್ದರು. ಮಧ್ಯಾಹ್ನ ಅದೇ ಊರಿನ ಪಾರ್ಕೊಂದರಲ್ಲಿ ನಮ್ಮ ಮಗಳ ಭರತನಾಟ್ಯ. ನಮ್ಮೂರು ಕೆಂಡಲ್ ಪಾರ್ಕಿನಿಂದ ಹೊರಟ ಮೇಲೆ ದಾರಿಯುದ್ದಕ್ಕೂ, "ಇನ್ನೆರಡೇ ಡಿಗ್ರಿ ಕಣೇ!" ಎಂದು ಇವರಿಗೆ ಸಂಭ್ರಮ.

ವೇದಿಕೆಗೆ ನೆರಳೇ ಇರಲಿಲ್ಲ. ಗೆಜ್ಜೆ ಕಟ್ಟಿಕೊಂಡ ಮಗಳು ಒಂದು ಕಾಲಿಟ್ಟು ಹಿಂದಕ್ಕೆ ಎಳೆದುಕೊಂಡಳು. "ಅಪ್ಪಾ, ದ ಫ್ಲೋರ್ ಈಸ್ ಸೋ ಹಾಟ್!"

ಇವರ ಮುಖ ಸಪ್ಪಗಾಯಿತು. ಕುಡಿಯಲು ತಂದಿದ್ದ ನೀರನ್ನೆಲ್ಲ ಹಲಗೆಗಳ ಮೇಲೆ ಸುರಿದರು. ಅವಳು ಜಾರದಿರಲಿ ಎಂದು ಮಂಡಿಯೂರಿ, ತಮ್ಮ ರೇಷ್ಮೆ ಶಲ್ಯದಿಂದ ಒರೆಸಿದರು. "ದೇವರೇ, ಒಂದ್ ಮೋಡ ಕಳ್ಸಪ್ಪಾ" ಎಂದು ಗೊಣಗುವುದು ಕೇಳಿಸಿತು.

"ರೀ, ನಿಮ್ಮ ಬಾಜಿ?" ಎಂದೆ.

"ಹಾಳಾಗ್ಹೋಗ್ಲಿ ಬಿಡೇ, ಮಗು ಕಾಲು ಸುಡ್ತಿದೆ."

ಮೊದಲ ನೃತ್ಯ ಮುಗಿಯುವಷ್ಟರಲ್ಲಿ ನಿಜಕ್ಕೂ ಮೋಡ ಕವಿಯಿತು. ಮಗಳು ನಗುತ್ತಾ ಕುಣಿದಳು. ತಾಪಮಾನ ತೊಂಬತ್ತನಾಲ್ಕಕ್ಕೇ ನಿಂತು ಇವರ ದುಡ್ಡು ಹೋಯಿತು.

ಬಾಜಿ ಸೋತ ಖುಷಿಗೆ ಡ್ಯಾನ್ಸ್ ಮಕ್ಕಳಿಗೆಲ್ಲ ಐಸ್‌ಕ್ರೀಮ್ ಕೊಡಿಸಿದ ಮನುಷ್ಯನನ್ನು ನಾನು ನೋಡಿದ್ದು ಇವತ್ತೇ!