ಬಟ್ಟೆಯಲ್ಲಿ ಏನೂ ಉಳಿಯದ ಬಾವಿ

ಇವತ್ತು ಬೆಳಿಗ್ಗೆ ಅಕ್ಕಿ ತೊಳೆದ ನೀರು ಚೆಲ್ಲಿದಾಗ ಮೋರಿ ಗುಟುಕ್ ಎಂದಿತು. ನಿಮ್ಮ ಮನೆಯ ಮೋರಿಯೂ ಹಾಗೇ ಅನ್ನುತ್ತಿರಬಹುದು, ನೀವು ಕಿವಿಗೊಟ್ಟಿರಲಿಕ್ಕಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಕೈ ತಡೆಯುತ್ತದೆ. ಅದು ನಮ್ಮತ್ತೆ ಕಲಿಸಿದ ಅಂಜಿಕೆ. "ಕುಡ್ಯಾಕತ್ತೈತಿ ನೋಡ. ಬಿಸೀದು ಚೆಲ್ಲಬ್ಯಾಡ, ಬಾಯಿ ಸುಡತೈತಿ" ಎನ್ನುತ್ತಿದ್ದರು. ಯಾರ ಬಾಯಿ ಎಂದು ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಕುಡಚಿ ಕಡೆಯ ಜೈನರ ಮನೆ ನಮ್ಮದು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಉಳಿದ ಸಣ್ಣ ಜೀವಗಳನ್ನು ಅದೇ ಬಾವಿಗೆ ಮರಳಿ ಇಳಿಸುತ್ತೇವೆ. ಅದಕ್ಕೆಂದೇ ತಳಕ್ಕೂ ಒಂದು ದಾರ ಕಟ್ಟಿದ ತಂಬಿಗೆ ಇದೆ. ಅದು ನೀರು ಮುಟ್ಟಿದ ಮೇಲೆ ದಾರ ಎಳೆದು ಬೋರಲು ಮಾಡಬೇಕು. ಎತ್ತರದಿಂದ ಸುರಿದರೆ ಜೀವಗಳಿಗೆ ಪೆಟ್ಟಾಗುತ್ತದೆ. ಹೊಸ ಸೊಸೆಯಾಗಿ ನಾನು ಬೈಸಿಕೊಂಡದ್ದೆಲ್ಲ ಆ ದಾರದ ದೆಸೆಯಿಂದಲೇ.

ಒಂದು ದಿನ ಅತ್ತೆ ಬಟ್ಟೆಯನ್ನು ಬಿಸಿಲಿಗೆ ಹಿಡಿದರೆ ಏನೂ ಇರಲಿಲ್ಲ. ಮರುದಿನವೂ ಇಲ್ಲ.

"ಛಲೋ ಆತಲ್ರಿ, ನೀರ ಸ್ವಚ್ಛ ಆಗ್ಯಾವ" ಎಂದೆ.

ಅವರು ಬಟ್ಟೆಯನ್ನು ಕೆಳಗಿಳಿಸಿದರು. "ಹುಚ್ಚಿ, ಒಳಗ ಯಾರೂ ಉಳದಿಲ್ಲ."

ಊರ ಗಟಾರದ ನೀರು ಬಾವಿಯ ಹಿಂದಿನ ತಗ್ಗಿನಲ್ಲಿ ನಿಂತು ಇಂಗುತ್ತಿತ್ತು. ಬಾವಿ ಮುಚ್ಚಿಬಿಡೋಣವೆಂದು ನಮ್ಮ ಯಜಮಾನರು ಹಾಸುಗಲ್ಲನ್ನೇ ತರಿಸಿ ಕಟ್ಟೆಗೆ ಒರಗಿಸಿದರು. ಬಸದಿಯ ಅಭಿಷೇಕಕ್ಕೆ ನೀರು ಹೋಗುತ್ತಿದ್ದ ಬಾವಿ ಅದು. ಅತ್ತೆ ಬಿಡಲಿಲ್ಲ. ದಿನವೂ ಏನೂ ಇಲ್ಲದ ಬಟ್ಟೆಯನ್ನು ಜಾಲಿಸಿ, ಆ ನೀರನ್ನು ತಂಬಿಗೆಯಲ್ಲಿ ಇಳಿಸುತ್ತಿದ್ದರು.

ಗಟಾರದ ನೀರನ್ನು ಶುದ್ಧ ಮಾಡುವ ಬಗೆ ಆರಿಸಲು ಬಸದಿಯ ಮುಂದೆ ಸಭೆ ಸೇರಿತು. ಹಾರೂಗೇರಿಯಿಂದ ಬಂದ ಇಂಜಿನಿಯರ್ ಎರಡು ದಾರಿ ಹೇಳಿದರು: ಮಷೀನು ಗಾಳಿ ಊದುವ ಟಾಕಿ, ಇಲ್ಲವೇ ಉಸುಕಿನ ಮಡಿಯಲ್ಲಿ ಜೊಂಡು ಬೆಳೆಸುವುದು. ಟಾಕಿಗೆ ಜಾಗ ಸ್ವಲ್ಪ ಸಾಕು. ಜೊಂಡಿಗೆ ನಮ್ಮ ಬಾಳೆಯ ತೋಟ ಹೋಗಬೇಕು.

"ಎರಡರಾಗೂ ಹೊಲಸ ತಿನ್ನೂವು ಕಣ್ಣಿಗಿ ಕಾಣದ ಜೀವಾನರಿ" ಎಂದರು.

ಅತ್ತೆ ಎದ್ದು ನಿಂತರು. "ಟಾಕ್ಯಾಗ ಕರೆಂಟ ಹೋದ್ರ ಅವು ಏನ ಮಾಡ್ತಾವಪಾ?"

"ಕರೆಂಟ ಹೋದ್ರ ನಮಗ ಉಸರ ಇರಂಗಿಲ್ಲ ಆಯಿ, ಹುಳದ್ದೇನ ಕೇಳ್ತಿ!" ಎಂದ ಹಿಂದಿನಿಂದ ಒಬ್ಬ. ಎಲ್ಲರೂ ನಕ್ಕರು.

ಇಂಜಿನಿಯರ್ ನಗಲಿಲ್ಲ. "ಭಾಳ ಹೊತ್ತ ಹೋದ್ರ ಉಸರಗಟ್ಟಿ ಸಾಯ್ತಾವ್ರಿ ಆಯಿ. ಜನರೇಟರ್ ಇಡಬೇಕಾಕ್ಕೈತಿ. ಜೊಂಡಿಗಿ ಆ ಚಿಂತಿ ಇಲ್ಲ, ಖರೆ ಜಾಗಾ ಬೇಕ."

ಅತ್ತೆ ಮಗನ ಕಡೆ ತಿರುಗಿದರು. "ಬಾಳಿ ತಗಿ."

"ಅವ್ವಾ, ಗೊನಿ ಬಿಟ್ಟಾವ..."

"ಕೊಯ್ಕೊಂಡ ತಗಿ. ಬಾಳಿಹಣ್ಣ ನನಗೂ ಸೇರತೈತಿ."

ಜೊಂಡು ಆಳೆತ್ತರ ಬೆಳೆಯಿತು. ಗಾಳಿ ಇಲ್ಲದಾಗಲೂ ಅದರ ನಡುವೆ ಯಾರೋ ಸರಿದುಹೋದಂತೆ ಅಲುಗುತ್ತದೆ. ಗಟಾರದ ನೀರು ಈಗ ಅದರೊಳಗೇ ಇಳಿಯುತ್ತದೆ, ತಗ್ಗು ಒಣಗಿದೆ. ಬಟ್ಟೆ ಮಾತ್ರ ಬರಿದಾಗಿಯೇ ಬರುತ್ತಿತ್ತು. ಅತ್ತೆ ತೀರಿಕೊಂಡರು, ತಂಬಿಗೆ ನನ್ನ ಕೈಗೆ ಬಂತು, ಬರಿದಾದ ಬಟ್ಟೆಯನ್ನು ನಾನೂ ದಿನವೂ ಜಾಲಿಸಿ ಇಳಿಸತೊಡಗಿದೆ. ಅವ್ವನ ಹುಚ್ಚು ಇವಳಿಗೂ ತಗುಲಿತು ಎಂದು ಯಜಮಾನರು ಹಾಸುಗಲ್ಲಿನ ಕಡೆ ನೋಡುತ್ತಿದ್ದರು.

ಇವತ್ತು ಬಟ್ಟೆಯನ್ನು ಬಿಸಿಲಿಗೆ ಹಿಡಿದೆ. ಒಂದು ನೂಲಿನ ಎಳೆ ಕಂಡಿತು. ಒದರಲು ಹೋದೆ, ಎಳೆ ತಾನೇ ಮೈ ಮುರಿದು ಹೊರಳಿತು.

ಎದ್ದ ಕೂಡಲೇ ಬಸದಿಗೆ ಒಯ್ಯಲು ಮಲ್ಲಿಗೆ ಸಿಕ್ಕಿತು, ದಿನವೂ ನೋಯುವ ಮಂಡಿ ನೋಯಲಿಲ್ಲ, ಈಗ ಇದು. ಒಂದೇ ಬೆಳಗಿಗೆ ಇಷ್ಟು ಕೊಟ್ಟ ಭಗವಂತನಿಗೆ ಕೈ ಮುಗಿದೆ. ಹಾಸುಗಲ್ಲನ್ನು ಹಿತ್ತಲಿಗೆ ಮೆಟ್ಟಿಲು ಮಾಡಿರೆಂದು ಯಜಮಾನರಿಗೆ ಕೂಗಿ ಹೇಳಿ, ಬಟ್ಟೆ ಜಾಲಿಸಿದ ನೀರಿನ ತಂಬಿಗೆ ಇಳಿಸಿದೆ.

"ಅತ್ತಿ, ಇವತ್ತ ಖಾಲಿ ಇಲ್ರಿ."

ನಾನು ದಾರ ಎಳೆಯುವ ಮೊದಲೇ ಕೆಳಗೆ ಗುಟುಕ್ ಎಂದಿತು. ಮೇಲೆ ಬಂದ ತಂಬಿಗೆಯಲ್ಲಿ ಒಂದು ಹನಿಯೂ ಇರಲಿಲ್ಲ.