ಕುಂಕುಮ ಹತ್ತಿದ ರೋಮನ್ ನಾಣ್ಯ

ಜನವರಿಯ ಒಂದು ಬೆಳಿಗ್ಗೆ ನಾನೂ ಮಗಳೂ ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರದ ಬಸ್ಸು ಹಿಡಿದೆವು. ಓಝರ್‌ನ ವಿಮಾನ ಕಾರ್ಖಾನೆಯ ಕೆಲಸಕ್ಕೆಂದು ವಿಜಯಪುರ ಬಿಟ್ಟು ಬಂದವನು ನಾನು. ಸಂಭಾಜಿನಗರವನ್ನು ಇನ್ನೂ ನೋಡಿರಲಿಲ್ಲ. ಈಗ ಹೊರಟಿದ್ದು ಹೆಂಡತಿ ಶಾಂತಾಳ ಕೊರಳಲ್ಲಿದ್ದ ಬಂಗಾರದ ಬಿಲ್ಲೆಗಾಗಿ. ಅವಳು ತೀರಿಕೊಂಡು ವರ್ಷವಾಗಿತ್ತು. ಮಗಳು ವೀಣಾಳ ಮದುವೆ ಗೊತ್ತಾಗಿತ್ತು. ಆ ಬಿಲ್ಲೆಯನ್ನು ಕರಗಿಸಿ ತನ್ನ ತಾಳಿಯ ಬಟ್ಟಲು ಮಾಡಿಸಬೇಕೆಂಬುದು ವೀಣಾಳ ಹಟ. ಸರಾಫ್ ಬಜಾರಿನ ಅಕ್ಕಸಾಲಿ ಮಾತ್ರ, ಇದು ಬಹಳ ಹಳೆಯದು, ಮೊದಲು ತಿಳಿದವರಿಗೆ ತೋರಿಸಿ ಎಂದು ವಾಪಸ್ ಕೊಟ್ಟಿದ್ದ. ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಹೆಂಗಸರಿಗೆ ಅರ್ಧ ಟಿಕೆಟ್ ಎಂದು ವೀಣಾ ನನ್ನನ್ನು ಕೆಣಕಿದಳು. ನಿಫಾಡ್‌ನಲ್ಲಿ ಚಳಿ ಹಲ್ಲು ಕಡಿಸುವಂತಿತ್ತು. ದ್ರಾಕ್ಷಿ ಬಳ್ಳಿ ಕೆಡದಿರಲೆಂದು ತೋಟಗಳಲ್ಲಿ ಬೆಂಕಿ ಹಾಕಿದ್ದರು. ಯೇವಲಾದಲ್ಲಿ ಚಹಾ, ವಡಾಪಾವ್ ಆಯಿತು. ವೈಜಾಪುರ ದಾಟುವಾಗ ಬಿಸಿಲು ಬಂತು.

ಹಳೆಯ ನಾಣ್ಯ ಬಲ್ಲ ದೇಸಾಯಿಯವರು ಧಾರವಾಡದವರು, ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಸಂಭಾಜಿನಗರದಲ್ಲೇ ನೆಲೆಸಿದ್ದರು. "ತೊಳೀಬ್ಯಾಡ್ರಿ, ಹ್ಯಾಂಗ ಅದನೋ ಹಂಗ ತರ್ರಿ" ಎಂದು ಫೋನಿನಲ್ಲೇ ಹೇಳಿದ್ದರು. ಅವರ ಮನೆ ಮುಟ್ಟಿ ಬಿಲ್ಲೆ ಕೊಟ್ಟೆವು. ಅದನ್ನು ತೂಗಿದರು, ಭೂತಗನ್ನಡಿ ಹಿಡಿದು ಅಂಚನ್ನು ಸುತ್ತಲೂ ನೋಡಿದರು.

"ಎರಕ ಹೊಯ್ದಿದ್ರ ಮೈಮ್ಯಾಲ ಸಣ್ಣ ಸಣ್ಣ ತೂತು ಇರ್ತಿದ್ವು. ಇದು ಅಚ್ಚಿನಾಗ ಇಟ್ಟು ಬಡದದ್ದು. ರೋಮ್ ಚಕ್ರವರ್ತಿದು, ಖರೇದದ. ಕೊಂಡಿ ಆಮ್ಯಾಲ ನಮ್ಮ ಕಡೆಯವರು ಬೆಸದಾರ."

"ಯಾವ ಚಕ್ರವರ್ತಿ?" ಎಂದೆ.

"ತಲಿ ಸುತ್ತ ಹೆಸರು ಇರ್ತದ್ರಿ. ಇಲ್ಲೆ ಎಲ್ಲಾ ಸವದಾವ."

ಸವೆಯದೆ ಏನು? ರಾಜನ ಮುಖವಿದ್ದ ಆ ಬದಿ ಶಾಂತಾಳ ಎದೆಗೆ ತಾಗಿರುತ್ತಿತ್ತು. ಹೊರಬದಿಯಲ್ಲಿ ಕುಳಿತ ಹೆಂಗಸೊಬ್ಬಳ ಚಿತ್ರವಿತ್ತು. ಅವಳನ್ನು ಲಕ್ಷ್ಮಿ ಎಂದೇ ನಂಬಿ ಶಾಂತಾ ಪ್ರತಿ ಶುಕ್ರವಾರ ಸ್ನಾನ ಮಾಡಿ ಕುಂಕುಮ ಹಚ್ಚುತ್ತಿದ್ದಳು. ಆ ಕುಂಕುಮ ಚಿತ್ರದ ಸುತ್ತಲಿನ ಅಕ್ಷರಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು.

ದೇಸಾಯಿಯವರು ಮರದ ಕಡ್ಡಿಯೊಂದನ್ನು ತೆಗೆದರು. "ಈ ಕುಂಕುಮ ಬಿಡಿಸಿದ್ರ ಕೆಳಗಿನ ಅಕ್ಷರ ಓದಬಹುದು. ಆವಾಗ ಯಾವ ರಾಜ ಅಂತ ಹೇಳ್ತೀನಿ. ಬಿಡಸ್ಲೇನ್ರಿ?"

ಇಷ್ಟು ದೂರ ಬಂದದ್ದೇ ಅದಕ್ಕೆ. ಆದರೂ ಹೂಂ ಎನ್ನಲು ಆಗಲಿಲ್ಲ. ಅಷ್ಟರಲ್ಲಿ ವೀಣಾ ಅವರ ಕೈ ಹಿಡಿದುಬಿಟ್ಟಳು.

"ನಕೋ ಕಾಕಾ, ಬ್ಯಾಡ್ರಿ. ಅದು ಅವ್ವ ಹಚ್ಚಿದ್ದು."

ದೇಸಾಯಿಯವರು ಕಡ್ಡಿ ಕೆಳಗಿಟ್ಟರು. "ಮತ್ತ ಕರಗಸೂದು?" ಎಂದರು; ಆ ಮಾತನ್ನು ಫೋನಿನಲ್ಲೇ ಹೇಳಿದ್ದೆ. ವೀಣಾ ಬೇಡವೆಂದು ತಲೆಯಾಡಿಸಿ ಅತ್ತಳು. ನನಗೂ ದುಃಖ ತಡೆಯಲಾಗಲಿಲ್ಲ. ಶಾಂತಾ ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಸಂಜೆಯ ಬಸ್ಸಿಗೆ ಮರಳಿದೆವು. ನಿಫಾಡ್ ಬರುವಷ್ಟರಲ್ಲಿ ಮತ್ತೆ ಚಳಿ ಶುರುವಾಯಿತು. ವೀಣಾ ಪರ್ಸಿನಿಂದ ಬಿಲ್ಲೆ ತೆಗೆದು ತನ್ನ ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ರಾಜನ ಮುಖ ಹೊರಗಿತ್ತು. ಒಂದು ಗಳಿಗೆ ನೋಡಿ, ಅದನ್ನು ತಿರುಗಿಸಿ ಎದೆಯ ಕಡೆಗೆ ಮಾಡಿಕೊಂಡಳು.